ತುದಿಮನೆಯ ಒಲೆ

ಮೊನ್ನೆ ಎರಡನೇ ವರ್ಷದ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನನ್ನ ಸಿ ಪ್ರೋಗ್ರಾಮಲ್ಲಿ ತಗೊಂಡಿದ್ದ ಮೆಮೊರೀನೆಲ್ಲ ಫ್ರೀ ಮಾಡಿದೀನಿ, ಒಂದನ್ನೂ ಬಿಟ್ಟಿಲ್ಲ. ಆದ್ರೂ ಆಪರೇಟಿಂಗ್ ಸಿಸ್ಟಮ್ಮು ಅಷ್ಟೂ ಜಾಗ ಇನ್ನೂ ನನ್ನ ಹತ್ರಾನೇ ಇದೆ ಅಂತ ತೋರಿಸ್ತಿದೆ. ನಾನು ವಾಪಸ್ ಕೊಟ್ಟಿದ್ದು ಎಲ್ಲಿಗೆ ಹೋಯ್ತು?" ಕೊಟ್ಟೂ ಕೊಡದವಳು ಅನ್ನಿಸಿಕೊಂಡ ಸಿಟ್ಟಿಗೆ ಅವಳ ಮುಖ ಕೆಂಪಗಾಗಿತ್ತು. ನಾನು ಬೋರ್ಡಿನ ಮೇಲೆ ಉದ್ದಕ್ಕೊಂದು ಸಾಲು ಚೌಕಗಳನ್ನು ಬರೆದೆ. ನೀನು ಫ್ರೀ ಮಾಡಿದ್ದು ನೇರವಾಗಿ ಸಿಸ್ಟಮ್ಮಿಗೆ ಹೋಗುವುದಿಲ್ಲ, ನಡುವೆ ಕೀಲಿ ಇಟ್ಟುಕೊಳ್ಳುವವರೊಬ್ಬರು ಇದ್ದಾರೆ ಅಂದುಕೋ, ಅವರ ಕೈಗೆ ಹೋಗುತ್ತದೆ, ಮುಂದೆ ಕೇಳುವವರಿಗೆ ಬೇಕಾಗುತ್ತದೆ ಅಂತ ಅವರು ಇಟ್ಟುಕೊಂಡಿರುತ್ತಾರೆ ಎಂದೆ. ವಾಪಸು ಮಾಡೋಣ ಅಂದರೂ ತುದಿಯ ಚೌಕದಲ್ಲಿ ಯಾರಾದರೂ ಕೂತಿದ್ದರೆ ಅದರ ಹಿಂದಿನ ಖಾಲಿ ಚೌಕಗಳನ್ನು ಕೊಡಲು ಬರುವುದಿಲ್ಲ ಎಂದೂ ಹೇಳಿದೆ. ಹುಡುಗಿ ತಲೆಯಾಡಿಸಿ ಕೂತಳು. ನನ್ನ ಸೀಮೆಸುಣ್ಣ ಮಾತ್ರ ತುದಿಯ ಚೌಕದ ಮೇಲೇ ನಿಂತುಬಿಟ್ಟಿತು. ಇವತ್ತಿಗೆ ಸಾಕು ಎಂದು ಹತ್ತು ನಿಮಿಷ ಮುಂಚೆಯೇ ಕ್ಲಾಸು ಬಿಟ್ಟೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಕಂಪ್ಯೂಟರಿನ ಪುಸ್ತಕ ಕೈಗೆ ಬಂದದ್ದೇ ಮೂವತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ನಾನು ನಮ್ಮೂರಲ್ಲಿ ಕೀಲಿ ಹಲಗೆ ನೋಡಿಕೊಳ್ಳುತ್ತಿದ್ದೆ.

ನಮ್ಮೂರಿಗೆ ಇದ್ದದ್ದು ಒಂದೇ ಬೀದಿ. ಪಶ್ಚಿಮದ ತುದಿಗೆ ಬಾವಿ. ಬಾವಿಯ ಪಕ್ಕದ್ದು ಒಂದನೇ ನಂಬರಿನ ಮನೆ. ಅಲ್ಲಿಂದ ಪೂರ್ವಕ್ಕೆ ಒಂದೇ ಮಗ್ಗುಲಿಗೆ ಮನೆಗಳು, ಎದುರು ಮಗ್ಗುಲಿಗೆ ಹೊಂಗೆ ಮರಗಳು. ಹೆಚ್ಚೂಕಮ್ಮಿ ಒಂದು ಮೈಲಿ ಹೀಗೇ ಹೋಗಿ ತೊಂಬತ್ತಾರನೇ ಮನೆಗೆ ಬೀದಿ ಮುಗಿಯುತ್ತಿತ್ತು. ಅದರಾಚೆ ಬಯಲು, ಬಯಲಾಚೆ ಕಚೇರಿ. ಮನೆ ಬೇಕೆಂದರೆ ಆ ಕಚೇರಿಗೆ ಹೋಗಿ ಕೇಳಬೇಕಿತ್ತು. ಒಂದು ದಿನದ ನಡಿಗೆ, ಆಮೇಲೆ ಕಿಟಕಿಯ ಮುಂದೆ ಅರ್ಧ ದಿನ ನಿಲ್ಲುವ ಶಿಕ್ಷೆ. ಒಂದು ಮನೆ ಕೊಡಿ, ಎರಡು ಮನೆ ಕೊಡಿ ಎಂದರೆ ಕಿಟಕಿಯೊಳಗಿನವರು ತಲೆ ಕೂಡ ಎತ್ತುತ್ತಿರಲಿಲ್ಲ. ಕೊಟ್ಟರೆ ಮೂವತ್ತೆರಡು ಮನೆಗಳ ಒಂದು ಪಟ್ಟಿ. ಮಾರನೆಯ ದಿನ ಹನ್ನೊಂದು ಗಂಟೆಗೆ, ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ, ಬೀದಿಯ ಕೊನೆಯಲ್ಲಿ ಮೂವತ್ತೆರಡು ಹೊಸ ಮನೆಗಳು ನಿಂತಿರುತ್ತಿದ್ದವು. ಸುಣ್ಣದ ಬಿಳಿ ಗೋಡೆ, ಮಸಿ ಕಾಣದ ಒಲೆ, ಯಾರ ವಾಸನೆಯೂ ಇಲ್ಲದ ಕೋಣೆ. ವಾಪಸು ತೆಗೆದುಕೊಳ್ಳುವುದೂ ಪಟ್ಟಿಗಟ್ಟಲೆಯೇ, ಅದೂ ತುದಿಯಿಂದ ಮಾತ್ರ. ತುದಿಯ ಪಟ್ಟಿಯಲ್ಲಿ ಮೂರು ದಿನ ಒಂದು ಒಲೆಯೂ ಹೊತ್ತದಿದ್ದರೆ ನಾಲ್ಕನೆಯ ದಿನ ಹನ್ನೊಂದಕ್ಕೆ ಬಯಲು ಬರುತ್ತಿತ್ತು. ಮನೆಗಳಿದ್ದ ಕಡೆ ಮೊಣಕಾಲೆತ್ತರದ ಹುಲ್ಲು. ಅಲ್ಲಿ ಯಾರೋ ಬದುಕಿದ್ದರು ಎಂದು ಹುಲ್ಲಿನ ಮುಖ ನೋಡಿದರೆ ಹೇಳುವ ಹಾಗಿರಲಿಲ್ಲ. ಆದರೆ ಒಂದೇ ಒಂದು ಒಲೆ ಉರಿಯುತ್ತಿದ್ದರೂ ಪಟ್ಟಿಗೆ ಪಟ್ಟಿಯೇ ಉಳಿಯುತ್ತಿತ್ತು. ಹೀಗೇಕೆ ಎಂದು ನಮ್ಮೂರಲ್ಲಿ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಲು ಪುರುಸೊತ್ತಾದರೂ ಯಾರಿಗಿತ್ತು?

ಕೀಲಿ ಹಲಗೆ ನನ್ನ ದೊಡ್ಡಪ್ಪ ಗುರುಮಲ್ಲಪ್ಪನವರದು. ಒಂದನೇ ನಂಬರಿನ ಮನೆಯ ನಡುಮನೆಯಲ್ಲಿ, ಬಾಗಿಲಗಲದ ಹಲಗೆಯ ತುಂಬ ಮೊಳೆಗಳು. ಎಡಕ್ಕೆ ಒಂಟಿ ಕೋಣೆಯ ಮನೆಗಳ ಕೀಲಿ, ನಡುವೆ ಎರಡು ಕೋಣೆಯವು, ಬಲಕ್ಕೆ ದೊಡ್ಡ ಮನೆಗಳವು. ಊರು ಬಿಡುವವರು ಕಚೇರಿಗೆ ಹೋಗುತ್ತಿರಲಿಲ್ಲ. ದೊಡ್ಡಪ್ಪನ ಕೈಗೆ ಕೀಲಿ ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಹೊಸದಾಗಿ ಬಂದವರಿಗೆ ದೊಡ್ಡಪ್ಪ ಎಲ್ಲಕ್ಕಿಂತ ಕೊನೆಯಲ್ಲಿ ನೇತುಹಾಕಿದ ಕೀಲಿಯನ್ನೇ ಮೊದಲು ತೆಗೆದುಕೊಡುತ್ತಿದ್ದರು. "ಒಲೆ ಇನ್ನೂ ಬೆಚ್ಚಗಿರ್ತದೆ, ಹೋಗ್ರಪ್ಪ ಬೇಗ," ಎನ್ನುವರು. ಯಾವ ಮನೆ ಖಾಲಿ, ಯಾವುದು ಭರ್ತಿ ಎಂದು ಬರೆದಿಡಲು ಅವರ ಬಳಿ ಪುಸ್ತಕವಿರಲಿಲ್ಲ. ಪುಸ್ತಕ ಇಟ್ಟರೆ ಅದಕ್ಕೇ ಒಂದು ಮನೆ ಬೇಕಾಗುತ್ತದೆ ಎಂಬುದು ಅವರ ವಾದ. ಅದಕ್ಕೇ ಮನೆ ಖಾಲಿಯಾದ ಕೂಡಲೇ ಅದರ ಬಾಗಿಲ ಚೌಕಟ್ಟಿನ ಮೇಲೆ ಅದೇ ಅಳತೆಯ ಇನ್ನೊಂದು ಖಾಲಿ ಮನೆಯ ನಂಬರನ್ನು ಸುಣ್ಣದಲ್ಲಿ ಬರೆದು ಬರುತ್ತಿದ್ದರು, ಒಂದು ಬಾಗಿಲು ಓದಿದರೆ ಮುಂದಿನ ಖಾಲಿ ಮನೆ ಯಾವುದೆಂದು ಗೊತ್ತಾಗಲಿ ಎಂದು. ಅಲ್ಲಿ ಮೊದಲು ಏನಿದ್ದರೂ, ಮನೆಯವರ ಹೆಸರೋ ಅರಿಶಿನದ ಗೆರೆಯೋ, ಅದರ ಮೇಲೇ ಬರೆಯುವುದು. ಮನೆಯೊಳಗಿನ ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ.

"ಅಷ್ಟೊಂದು ಮನೆ ಖಾಲಿ ಇಟ್ಕೊಂಡು ಏನ್ ಮಾಡ್ತೀರಿ? ಕಚೇರಿಗೆ ಕೊಟ್ಬಿಡಬಾರ್ದಾ?" ಎಂದು ಯಾರಾದರೂ ಕೇಳಿದರೆ ದೊಡ್ಡಪ್ಪ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. "ಇವತ್ ಕೊಟ್ರೆ ನಾಳೆ ಯಾರೋ ಬಂದು ಬಾಗ್ಲು ತಟ್ತಾರೆ. ಆಗ ನಾನು ಮತ್ತೆ ಆ ಬಯಲು ದಾಟಿ ಆ ಕಿಟಕಿ ಮುಂದೆ ನಿಲ್ಲಬೇಕು. ನನ್ನ ಕಾಲೇನು ಕಚೇರಿಯೋರು ಮಾಡಿಸ್ಕೊಟ್ರಾ?"

ಹೀಗಾಗಿ ನಮ್ಮೂರಲ್ಲಿ ಮನೆ ಬಿಡುವುದೆಂದರೆ ಮನೆಯಲ್ಲಿದ್ದದ್ದು ಹೋಯಿತು ಎಂದಲ್ಲ. ಬಿಟ್ಟವರು ಗುಡಿಸುತ್ತಿರಲಿಲ್ಲ, ದೊಡ್ಡಪ್ಪ ಗುಡಿಸುತ್ತಿರಲಿಲ್ಲ, ಗುಡಿಸುವ ಯೋಚನೆ ಹೊಸಬರದು. ಅವರು ಬರುವವರೆಗೆ ಹಳಬರ ಕ್ಯಾಲೆಂಡರು ಗೋಡೆಯಲ್ಲೇ ಇರುತ್ತಿತ್ತು, ಮಕ್ಕಳ ಎತ್ತರ ಗುರುತು ಮಾಡಿದ ಗೀಟುಗಳು ಬಾಗಿಲಲ್ಲೇ ಇರುತ್ತಿದ್ದವು, ಉಪ್ಪಿನಕಾಯಿ ಜಾಡಿಯ ದುಂಡನೆಯ ಕಲೆ ನೆಲದಲ್ಲೇ. ಇದರಿಂದ ಆಗುತ್ತಿದ್ದ ಫಜೀತಿಗೂ ಕಡಿಮೆಯಿರಲಿಲ್ಲ. ರಾಚಪ್ಪ ಎಂಬ ಬಡಗಿ ಮಗಳ ಮನೆಗೆ ಸೇರಿಕೊಂಡು ತನ್ನ ನಲವತ್ತನೇ ನಂಬರಿನ ಕೀಲಿಯನ್ನು ಕೊಟ್ಟಿದ್ದ. ಆದರೆ ಸಂಜೆಯಾದರೆ ಅವನ ಕಾಲು ನಲವತ್ತಕ್ಕೇ ಹೋಗುತ್ತಿತ್ತು. ಹೊಸದಾಗಿ ಬಂದವರು ಗೋಡೆಗೆ ಸುಣ್ಣ ಹೊಡೆದಿರಲಿಲ್ಲ, ಗೂಟ ಕಿತ್ತಿರಲಿಲ್ಲ, ಅವನಿಗೆ ಎಲ್ಲ ತನ್ನದೇ ಅನ್ನಿಸುತ್ತಿತ್ತು. ಗೂಟಕ್ಕೆ ಅಂಗಿ ತಗುಲಿಸಿ, ಕೈಕಾಲು ತೊಳೆದು ಊಟಕ್ಕೆ ಕೂತುಬಿಡುತ್ತಿದ್ದ. ಆ ಮನೆಯ ಹೆಂಗಸು ಒಳ್ಳೆಯವಳು, ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಿದ್ದಳು. ಒಂದು ದಿನ ಮಾತ್ರ ಅವನು ಯಾವತ್ತಿನ ಹಾಗೆ ಗೋಡೆ ಮೂಲೆಗೆ ಉಳಿ ಸುತ್ತಿಗೆಯ ಚೀಲ ಎಸೆದ. ಆ ಮೂಲೆಯಲ್ಲಿ ಈಗ ಅವರ ಕೂಸಿನ ತೊಟ್ಟಿಲಿತ್ತು. ಚೀಲ ತೊಟ್ಟಿಲ ಕಾಲಿಗೆ ಬಡಿದು ಕೂಸು ಉಳಿಯಿತು. ಅವತ್ತು ರಾಚಪ್ಪ ಬೀದಿಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ದೊಡ್ಡಪ್ಪ ಅವನನ್ನು ಎಬ್ಬಿಸಿ, "ಗೋಡೆ ಹಾಗೇ ಇದೆ ಅಂತ ನಂಬ್ಕೊಂಡು ಹೋಗ್ತಿಯಲ್ಲೋ, ಕೀಲಿ ಕೊಟ್ಮೇಲೆ ಅದು ನಿಂದಲ್ಲ," ಎಂದರು. ಅದನ್ನು ಅವನಿಗಿಂತ ಹೆಚ್ಚಾಗಿ ನನ್ನ ಕಡೆ ನೋಡಿ ಹೇಳಿದ ಹಾಗಿತ್ತು. ಯಾಕೆಂದರೆ ಆ ಹೊತ್ತಿಗೆ ನನಗೂ ಅದೇ ಚಾಳಿ ಅಂಟಿತ್ತು.

ನಾನು ಹುಟ್ಟಿದ್ದು ಎಪ್ಪತ್ತೊಂದನೇ ನಂಬರಿನಲ್ಲಿ. ಬಯಲ ಬದಿಗೆ ರೈಲು ಹಳಿ ಹಾಕುವ ಕೆಲಸ ಶುರುವಾದಾಗ ಜನ ಗುಂಪುಗುಂಪಾಗಿ ಬಂದರು. ಇದ್ದ ಎರಡು ಪಟ್ಟಿ ಸಾಲದೆ ದೊಡ್ಡಪ್ಪ ಬಯ್ದುಕೊಂಡೇ ಬಯಲು ದಾಟಿ ಮೂರನೆಯದನ್ನು ಕೇಳಿ ತಂದರು. ಅರವತ್ತೈದರಿಂದ ತೊಂಬತ್ತಾರರವರೆಗಿನ ಆ ಹೊಸ ಪಟ್ಟಿಯಲ್ಲಿ ಹಳಿ ಕೆಲಸದ ನನ್ನ ಅಪ್ಪನಿಗೂ ಅವ್ವನಿಗೂ ಎಪ್ಪತ್ತೊಂದು ಸಿಕ್ಕಿತು. ಅವ್ವನ ಹೆಸರು ಸರ್ವಮಂಗಳ. ಬೇರೆಯವರ ಗುರುತೇ ಇಲ್ಲದ ಮನೆ ಸಿಕ್ಕಿದ್ದಕ್ಕೆ ಅವಳಿಗೆ ಬಹಳ ಹೆಮ್ಮೆ. ನನಗೆ ಏಳು ವರ್ಷವಿದ್ದಾಗ, ಒಲೆಯ ಹಿಂದಿನ ಗೋಡೆ ಮಸಿ ಹಿಡಿಯಿತೆಂದು ಅವಳು ಕೆಮ್ಮಣ್ಣು ಕಲಸಿ ಬಳಿಯುತ್ತಿದ್ದಳು. ನಾನು ಬಕೆಟ್ಟಿನ ಅಂಚಿನ ಮೇಲೆ ಕೂರಲು ಹೋಗಿ ಒಳಗೇ ಕೂತೆ. ಅವ್ವ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಹಾಗೇ ಜಾರಿ ಕೆಳಗೆ ಕೂತಾಗ ಅವಳ ನಾಲ್ಕು ಬೆರಳು ಹಸಿ ಮಣ್ಣಿನ ಮೇಲೆ ಮೇಲಿನಿಂದ ಕೆಳಗೆ ಗೀರಿಕೊಂಡು ಬಂದವು. ಒಣಗುವ ಮುಂಚೆ ಸವರಿಬಿಡುತ್ತೇನೆ ಎಂದಳು. ಸವರಲಿಲ್ಲ.

ನನಗೆ ಹನ್ನೊಂದಾದಾಗ ಅವ್ವ ಜ್ವರ ಬಂದು ತೀರಿಕೊಂಡಳು. ಅಪ್ಪ ಹಳಿಯ ಜೊತೆಗೇ ಮುಂದಿನ ಊರಿಗೆ ಹೊರಟವನು ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟ. ಕೀಲಿ ಕೊಟ್ಟು ಬಾ ಎಂದು ಅಪ್ಪ ಹೇಳಿದ, ಕೊಟ್ಟು ಬಂದೆ. ಹಿಂದೆಯೇ ದೊಡ್ಡಪ್ಪ ಸುಣ್ಣದ ಡಬ್ಬಿ ಹಿಡಿದು ಬಂದು, ಅವ್ವ ಚೌಕಟ್ಟಿನ ಮೇಲೆ ಬಿಡಿಸಿದ್ದ ಎಲೆಬಳ್ಳಿಯ ಮೇಲೆ ಇಪ್ಪತ್ತೆರಡು ಎಂದು ಬರೆದರು. ನಾನು ನೋಡುತ್ತ ನಿಂತಿದ್ದೆ. ಆಮೇಲಿನಿಂದ ಶಾಲೆ ಬಿಟ್ಟ ಮೇಲೆ, ಕೀಲಿಯನ್ನು ಮೆಲ್ಲಗೆ ಮೊಳೆಯಿಂದ ತೆಗೆದುಕೊಂಡು ಎಪ್ಪತ್ತೊಂದಕ್ಕೆ ಹೋಗಿ ಆ ಗೀರಿನಲ್ಲಿ ಬೆರಳಿಟ್ಟು ಕೂರುವುದು ನನ್ನ ಅಭ್ಯಾಸವಾಯಿತು. ಆಗ ಗೀರು ನನ್ನ ಬೆರಳಿಗೆ ದೊಡ್ಡದು. ವರ್ಷ ಕಳೆದ ಹಾಗೆ ಸರಿಹೋಗುತ್ತ ಬಂತು.

ಹಳಿ ಹಾಕಿ ಮುಗಿಯಿತು. ಬಂದ ಹಾಗೇ ಜನ ಹೊರಟರು. ಎರಡೇ ವರ್ಷದಲ್ಲಿ ಮೂರನೇ ಪಟ್ಟಿಯ ಮೂವತ್ತೊಂದು ಮನೆಗಳ ಕೀಲಿ ಹಲಗೆಗೆ ಬಂದವು. ಬರದೇ ಉಳಿದದ್ದು ತೊಂಬತ್ತಾರರದು ಮಾತ್ರ. ಅಲ್ಲಿ ಹೊನ್ನಾಜಮ್ಮ ಇದ್ದರು. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುವುದು ಅವರ ಕಸುಬು. ಊರಿನ ಮದುವೆ ತಿಥಿಗಳಿಗೆಲ್ಲ ಅವರದೇ ಎಲೆ. ಬಯಲಿನಂಚಿನ ಮುತ್ತುಗದ ಮರಗಳು ಅವರ ಹಿತ್ತಲಿಗೆ ಹತ್ತೇ ಹೆಜ್ಜೆ, ಹಾಗಾಗಿ ಕೊನೆಯ ಮನೆಯನ್ನೇ ಕೇಳಿ ಪಡೆದಿದ್ದರು. ಅವ್ವ ಮಧ್ಯಾಹ್ನದ ಕೆಲಸ ಮುಗಿಸಿ ಅವರ ಜಗಲಿಯಲ್ಲಿ ಕೂತು ಎಲೆ ಹಚ್ಚುತ್ತಿದ್ದದ್ದು ನನಗೆ ನೆನಪಿದೆ. ಇಬ್ಬರೂ ಸೇರಿದರೆ ಊರಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಈಗ ಅವರೊಬ್ಬರ ಒಲೆಯಿಂದ ಪಟ್ಟಿ ನಿಂತಿತ್ತು. ಒಂದು ಮನೆಯಲ್ಲಿ ಸಾರು ಕುದಿಯುತ್ತಿತ್ತು, ಅದರ ಹಿಂದೆ ಮೂವತ್ತೊಂದು ಮನೆಗಳಲ್ಲಿ ಹೋದವರ ಕ್ಯಾಲೆಂಡರುಗಳು ಗಾಳಿಗೆ ಅಲುಗುತ್ತಿದ್ದವು. ಕಚೇರಿಯ ಲೆಕ್ಕದಲ್ಲಿ ನಮ್ಮೂರು ಇನ್ನೂ ತೊಂಬತ್ತಾರು ಮನೆಯ ಭರ್ತಿ ಊರು.

ದೊಡ್ಡಪ್ಪ ಹೋದ ಮೇಲೆ ಹಲಗೆ ನನ್ನ ಪಾಲಿಗೆ ಬಂತು. ನನಗಾಗ ಇಪ್ಪತ್ತೆಂಟು. ಹಲಗೆ ಸಿಕ್ಕ ಮೊದಲ ದಿನವೇ ನಾನು ಎಪ್ಪತ್ತೊಂದರ ಕೀಲಿಯನ್ನು ಮೊಳೆಯಿಂದ ತೆಗೆದು ನನ್ನ ಟ್ರಂಕಿನಲ್ಲಿಟ್ಟೆ. ಎರಡು ಕೋಣೆಯ ಮನೆ ಕೇಳಿಕೊಂಡು ಬಂದವರಿಗೆ ಬಾವಿಯ ಕಡೆಯ ಬೇರೆ ಯಾವುದನ್ನಾದರೂ ಕೊಡುತ್ತಿದ್ದೆ. ಯಾರಾದರೂ ಬಂದು ಆ ಗೋಡೆಗೆ ಸುಣ್ಣ ಬಳಿದುಬಿಟ್ಟರೆ ಎಂಬ ಹೆದರಿಕೆ. ಇದು ಸಣ್ಣ ತಪ್ಪು. ದೊಡ್ಡದು ಮುಂದಿದೆ.

ಹೊನ್ನಾಜಮ್ಮನಿಗೆ ಅರವತ್ತು ದಾಟಿತ್ತು, ಬಲ ಮಂಡಿ ಕೈಕೊಟ್ಟಿತ್ತು. ತೊಂಬತ್ತಾರರಿಂದ ಬಾವಿಗೆ ಒಂದು ಮೈಲಿ, ತುಂಬಿದ ಕೊಡ ಹೊತ್ತು ಇನ್ನೊಂದು ಮೈಲಿ. ಒಂದು ದಿನ ಬಾವಿಗೆ ಬಂದವರು ನಮ್ಮ ಜಗಲಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತ, "ದಾಕ್ಷಿ, ಬಾವಿ ಹತ್ರ ಒಂದು ಒಂಟಿ ಕೋಣೆ ಇದ್ರೆ ಕೊಡವ್ವ. ಎಲೆ ಯಾರಾದ್ರೂ ತಂದ್ಕೊಡ್ತಾರೆ, ನೀರು ಯಾರೂ ತಂದ್ಕೊಡಕಿಲ್ಲ," ಎಂದರು.

ಎಡಗಡೆಯ ಮೊಳೆಗಳಲ್ಲಿ ಒಂಬತ್ತನೇ ನಂಬರಿನ ಕೀಲಿ ನೇತಾಡುತ್ತಿತ್ತು. ಬಾಗಿಲು ತೆರೆದೇ ಇತ್ತು, ನಾನು ಅದಕ್ಕೆ ಅಡ್ಡ ನಿಂತೆ. "ಒಂಟಿ ಕೋಣೆ ಒಂದೂ ಇಲ್ವಲ್ಲ ಹೊನ್ನಾಜಮ್ಮ. ಖಾಲಿ ಆದ ತಕ್ಷಣ ಹೇಳ್ತೀನಿ."

"ಆಗ್ಲಿ ಬಿಡವ್ವ," ಎಂದು ಅವರು ಕೊಡ ಎತ್ತಿಕೊಂಡರು. ನಾನು ಅವರ ಕೊಡವನ್ನು ತಲೆಗೆ ಏರಿಸಿಕೊಟ್ಟೆ. ಅಷ್ಟು ಉಪಕಾರ ಮಾಡಿದೆ. ಅವರು ಕುಂಟುತ್ತ ಹೊಂಗೆ ಮರಗಳ ನೆರಳಲ್ಲಿ ಹೋಗುವುದನ್ನು ನೋಡುತ್ತ, ಇನ್ನೊಂದು ವರ್ಷ ಹೇಗೋ ನಡೆಯುತ್ತದೆ ಎಂದುಕೊಂಡೆ. ಆ ವರ್ಷವೂ ಕಳೆಯಿತು. ನಡುವೆ ಇನ್ನೆರಡು ಸಲ ಕೇಳಿದರು, ಎರಡು ಸಲವೂ ಇಲ್ಲವೆಂದೆ. ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರು ಅಲ್ಲಿಂದ ಎದ್ದರೆ ಒಲೆ ಆರುತ್ತದೆ, ಒಲೆ ಆರಿದರೆ ನಾಲ್ಕನೇ ದಿನಕ್ಕೆ ಎಪ್ಪತ್ತೊಂದು ಹುಲ್ಲಾಗುತ್ತದೆ. ಅವ್ವನದು ಅಂತ ನನಗಿದ್ದದ್ದು ಆ ನಾಲ್ಕು ಗೀರು. ಫೋಟೋ ಕೂಡ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ನಾನು ಎಪ್ಪತ್ತೊಂದರ ಅಡುಗೆಮನೆಯಲ್ಲಿದ್ದೆ. ಬೆರಳುಗಳು ಆ ಹೊತ್ತಿಗೆ ಗೀರಿಗೆ ಸರಿಯಾಗಿ ಕೂರುತ್ತಿದ್ದವು, ಅವ್ವನ ಕೈಯೇ ನನ್ನದಾದ ಹಾಗೆ. ಹೊರಗೆ ಏನೋ ಧಡ್ ಎಂದು ಬಿದ್ದ ಸದ್ದಾಯಿತು. ಓಡಿ ಬಂದು ನೋಡಿದರೆ ಹೊನ್ನಾಜಮ್ಮ ಬೀದಿಯ ಮೇಲೆ ಕೂತಿದ್ದರು. ಕೊಡ ಉರುಳಿ ಹೊಂಗೆ ಮರದ ಬುಡ ಸೇರಿತ್ತು, ಸೀರೆ ಪೂರ್ತಿ ನೆನೆದಿತ್ತು, ಮಂಡಿಯಿಂದ ರಕ್ತ ಬರುತ್ತಿತ್ತು. ನಾನು ಅವರನ್ನು ಎಬ್ಬಿಸಿ ನಮ್ಮ ಹಳೆಯ ಜಗಲಿಯ ಮೇಲೆ ಕೂರಿಸಿದೆ. ನೋವಿಗೆ ಮುಖ ಹಿಂಡಿಕೊಂಡಿದ್ದರೂ ಅವರು ಕೇಳಿದ್ದು, "ನೀನು ಒಳಗಿದ್ಯಾ? ನಾನು ತೊಂದ್ರೆ ಕೊಟ್ಬಿಟ್ನಲ್ಲ," ಎಂದು.

"ಹೊನ್ನಾಜಮ್ಮ, ಬಾವಿ ಹತ್ರ ಒಂಬತ್ತನೇ ನಂಬರು ಖಾಲಿ ಇದೆ. ಇವತ್ತೇ ಬಂದ್ಬಿಡಿ," ಎಂದೆ.

"ಒಂಬತ್ತು ಖಾಲಿಯಾಗಿ ಒಂದೂವರೆ ವರ್ಷ ಆಯ್ತಲ್ಲವ್ವ."

ಅವರು ಸೆರಗಿನಿಂದ ಮಂಡಿ ಒರೆಸಿಕೊಂಡರು. "ದಿನಾ ಅದರ ಮುಂದೇ ಅಲ್ವಾ ನೀರಿಗೆ ಹೋಗೋದು? ಬಾಗಿಲ ಮೇಲೆ ನೀನೇ ಸುಣ್ಣದಲ್ಲಿ ಬರ್ದಿದೀಯ. ನಂಗೆ ಕಣ್ಣು ಮಂಜಲ್ಲ, ಮಂಡಿ ಮಾತ್ರ."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ? ಬೈಬೇಕಾಗಿತ್ತು ನನ್ನ."

"ಬೈಯೋಕೇನು. ನೀನು ಈ ಮನೇಗೆ ಬಂದು ಕೂರೋದು ಊರಿಗೆಲ್ಲ ಗೊತ್ತು. ಸರ್ವಮಂಗಳ ನಿಂಗೊಬ್ಳಿಗೇನಾ? ನಂಗೂ ಅವಳು ಏನೋ ಆಗ್ಬೇಕಿತ್ತು." ಆಮೇಲೆ, "ನೀನು ಸುಳ್ಳು ಹೇಳುವಾಗ ಮಾತ್ರ ನಿಮ್ಮವ್ವನ ಹಂಗೆ ಕಾಣಲ್ಲ ಕಣೆ. ಅವಳಿಗೆ ಚೆನ್ನಾಗಿ ಬರ್ತಿತ್ತು," ಎಂದು ನಕ್ಕರು.

ಅವತ್ತು ಮಧ್ಯಾಹ್ನವೇ ಅವರ ಸಾಮಾನು ಒಂಬತ್ತಕ್ಕೆ ಬಂತು. ಏನಿತ್ತು ಮಹಾ, ಎರಡು ಪಾತ್ರೆ, ಒಂದು ಚಾಪೆ, ಒಣಗಿದ ಎಲೆಯ ನಾಲ್ಕು ಕಂತೆ. ತೊಂಬತ್ತಾರರ ಕೀಲಿಯನ್ನು ಮೊಳೆಗೆ ಹಾಕಿ, ಪದ್ಧತಿಯಂತೆ ಅದರ ಬಾಗಿಲ ಮೇಲೆ ನಂಬರು ಬರೆದು ಬಂದೆ. ಮಂಗಳವಾರ ನಾನು ಹಗುರವಾಗಿದ್ದೆ, ಒಳ್ಳೆಯ ಕೆಲಸ ಮಾಡಿದ ಸಮಾಧಾನ. ಬುಧವಾರ ಬೆಳಗಿನಿಂದ ಊಟ ಸೇರಲಿಲ್ಲ. ಗುರುವಾರ ಬೆಳಿಗ್ಗೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೂರನೆಯ ದಿನ. ಅದು ಮುಗಿದರೆ ಆಯಿತು. ಯಾರನ್ನೂ ತುದಿಯಲ್ಲಿ ಇಡಬೇಕಾಗಿಲ್ಲವಲ್ಲ, ನಾನೇ ಹೋಗಿ ಒಂದು ಹಿಡಿ ಬೆಂಕಿ ಹಾಕಿ ಬಂದರೆ ಏನು ತಪ್ಪು ಎಂದು ಮನಸ್ಸು ಶುರುಮಾಡಿತು. ಮೂರು ದಿನಕ್ಕೊಮ್ಮೆ ಒಂದು ಮೈಲಿ ನಡೆದರೆ ಸಾಕು. ಜೀವಮಾನವಿಡೀ ನಡೆಯುತ್ತೇನೆ ಎಂದುಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಬೆಂಕಿಪೊಟ್ಟಣ ಮುಷ್ಟಿಯಲ್ಲಿ ಹಿಡಿದು ಹೊರಟೇಬಿಟ್ಟೆ. ಯಾರಾದರೂ ಎದುರಾದರೆ ಎಂದು ಸೆರಗನ್ನು ಕೈಮೇಲೆ ಎಳೆದುಕೊಂಡಿದ್ದೆ.

ತೊಂಬತ್ತಾರರ ಬಾಗಿಲು ತೆರೆದಿತ್ತು. ಒಳಗೆ ಹೊನ್ನಾಜಮ್ಮ ಆರಿದ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಮಂಡಿ ಊದಿ ಬಟ್ಟೆಯ ಗಂಟಿನ ಹಾಗಾಗಿತ್ತು. ಒಲೆಯೊಳಗೆ ಒಣ ಎಲೆ, ಅದರ ಮೇಲೆ ಪುರಳೆ ಕಡ್ಡಿ, ಅದರ ಮೇಲೆ ಎರಡು ಸೌದೆ, ಎಲ್ಲ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಈ ಕಾಲಿನಲ್ಲಿ ಒಂದು ಮೈಲಿ ಬರಲು ಬೆಳಗಿನ ಜಾವವೇ ಹೊರಟಿರಬೇಕು.

"ಬಂದ್ಯಾ," ಎಂದರು, ನಾನು ಬರುವುದು ಗೊತ್ತೇ ಇದ್ದ ಹಾಗೆ. "ನೋಡು ನನ್ನ ಬುದ್ಧೀನ. ಎಲ್ಲ ತಂದೆ, ಬೆಂಕಿಪೊಟ್ಟಣ ಮರ್ತುಬಿಟ್ಟೆ. ಒಂದು ಕಡ್ಡಿ ಗೀರಿದ್ರೆ ಇನ್ನು ಮೂರು ದಿನ ಬಯಲಿನ ಕಾಟ ಇಲ್ಲ. ಆಮೇಲೆ ಮೂರು ದಿನಕ್ಕೊಂದ್ಸಲ ಬಂದು ಹಚ್ಚಿ ಹೋಗ್ತೀನಿ. ಕೂತೇ ಇದ್ರೆ ಕಾಲು ಕಟ್ಕೋತದೆ, ನಡೆಯೋದು ಒಳ್ಳೇದೇ. ನಿನ್ನತ್ರ ಬೆಂಕಿಪೊಟ್ಟಣ ಇದ್ಯಾ?"

ಪೊಟ್ಟಣ ನನ್ನ ಬೆವರಿಗೆ ಮೆತ್ತಗಾಗಿತ್ತು. ನಾನು ಅವರ ಮಂಡಿ ನೋಡಿದೆ. ನಾನು ಹಚ್ಚಿದರೆ ನಾನು ಬರದ ದಿನ ಇವರು ಬರುತ್ತಾರೆ, ನಾನು ಬಂದ ದಿನವೂ ಬರುತ್ತಾರೆ, ಮಳೆಯಲ್ಲಿ ಬರುತ್ತಾರೆ, ತೆವಳಿಕೊಂಡಾದರೂ ಬರುತ್ತಾರೆ. ಮೂವತ್ತೊಂದು ಖಾಲಿ ಮನೆಗಳನ್ನು ಒಂದು ಕಾಲಿನ ಮೇಲೆ ಹೊತ್ತು ನಿಂತಿದ್ದ ಆ ಹೆಂಗಸನ್ನು ನೋಡಿ ನನಗೆ ಅವ್ವನ ನೆನಪು ಕೂಡ ಆ ಕ್ಷಣಕ್ಕೆ ಬರಲಿಲ್ಲ.

"ಇಲ್ಲ ಹೊನ್ನಾಜಮ್ಮ," ಎಂದೆ.

ಅವರು ಸೆರಗಿನೊಳಗಿದ್ದ ನನ್ನ ಮುಷ್ಟಿಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಇಲ್ವಾ," ಎಂದರು. "ಇಲ್ದಿದ್ರೆ ಏನ್ ಮಾಡಕ್ಕಾಗ್ತದೆ. ಎಬ್ಬಿಸು ನನ್ನ."

ವಾಪಸು ಬರಲು ನಮಗೆ ಸಂಜೆಯಾಯಿತು. ನನ್ನ ಭುಜ ಹಿಡಿದು ನಾಲ್ಕು ಮನೆ ದಾಟುವುದು, ಒಂದು ಜಗಲಿಯ ಮೇಲೆ ಕೂರುವುದು. ಕೂತಲ್ಲೆಲ್ಲ ಹೊನ್ನಾಜಮ್ಮ ಆ ಮನೆಯಲ್ಲಿದ್ದವರ ಕಥೆ ತೆಗೆದರು. ತೊಂಬತ್ತರಲ್ಲಿದ್ದ ಸುತ್ತಿಗೆಯವನಿಗೆ ಸುತ್ತಿಗೆಗಿಂತ ಹಾರ್ಮೋನಿಯಂ ಮೇಲೆ ಪ್ರೀತಿ. ಎಂಬತ್ತೆರಡರ ಅತ್ತೆ ಸೊಸೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರು, ಹಬ್ಬದ ದಿನ ಮಾತ್ರ ಒಂದಕ್ಕೊಂದು ಸಾರು ಬದಲಾಯಿಸಿಕೊಳ್ಳುತ್ತಿದ್ದರು. ಎಪ್ಪತ್ತೊಂದರ ಮುಂದೆ ಬಂದಾಗ ಕಥೆ ನಿಲ್ಲಿಸಿ, "ಒಳಗೆ ಹೋಗ್ಬಾ. ನಾನು ಇಲ್ಲೇ ಇರ್ತೀನಿ," ಎಂದರು. ಹೋದೆ. ಹೆಚ್ಚು ಹೊತ್ತು ಇರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಕೀಲಿಯನ್ನು ಒಳಗಡೆಯೇ ಒಲೆಯ ಕಟ್ಟೆಯ ಮೇಲಿಟ್ಟು, ಬಾಗಿಲನ್ನು ಸುಮ್ಮನೆ ಮುಂದಕ್ಕೆಳೆದು ಬಂದೆ.

ಶುಕ್ರವಾರ ನಾನು ಬೀದಿಯ ಆ ಕಡೆಗೆ ಹೋಗಲಿಲ್ಲ. ಒಂಬತ್ತನೇ ನಂಬರಿನ ಜಗಲಿಯಲ್ಲಿ ಹೊನ್ನಾಜಮ್ಮನ ಎದುರು ಕೂತು ಎಲೆ ಆರಿಸಿಕೊಡುತ್ತಿದ್ದೆ. ಅವರು ಕಡ್ಡಿ ಚುಚ್ಚಿ ಎಲೆಗೆ ಎಲೆ ಸೇರಿಸುತ್ತಿದ್ದರು. ಹನ್ನೊಂದು ಗಂಟೆಗೆ ಪೂರ್ವದಿಂದ ಗಾಳಿ ಬಂತು. ತುಂಬ ಏನಿಲ್ಲ, ಕೈಯಲ್ಲಿದ್ದ ಎಲೆ ಅಲುಗುವಷ್ಟು. ಅದರಲ್ಲಿ ಹಸಿ ಹುಲ್ಲಿನ ವಾಸನೆಯಿತ್ತು. ಬೀದಿಯಲ್ಲಿ ಯಾರೋ, "ಹೋಯ್ತು ನೋಡ್ರಪ್ಪ ಮೂರನೇ ಪಟ್ಟಿ," ಎಂದು ಕೂಗಿದರು.

ಹೊನ್ನಾಜಮ್ಮ ಎಲೆ ಕೆಳಗಿಟ್ಟು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ನಿಮ್ಮವ್ವನ್ನ ಎತ್ಕೊಂಡು ಹೋದ ದಿನ ನೀನು ಅಳಲಿಲ್ಲ. ನಾನು ನೋಡ್ತಾನೇ ಇದ್ದೆ. ಕೀಲಿ ಕೊಡೋಕೆ ಹೋಗುವಾಗ್ಲೂ ಅಳಲಿಲ್ಲ. ಇವತ್ತು ಅಳು ಮಗಳೆ," ಎಂದರು.

ನನಗೆ ಮೂವತ್ತೊಂದು ವರ್ಷ. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಅವ್ವ ಹೋಗಿ ಇಪ್ಪತ್ತು ವರ್ಷಗಳಾದ ಮೇಲೆ, ಹುಲ್ಲಿನ ವಾಸನೆಯ ಗಾಳಿಯಲ್ಲಿ, ಹೊನ್ನಾಜಮ್ಮನ ಮಡಿಲಲ್ಲಿ ತಲೆಯಿಟ್ಟು ನಾನು ಮೊದಲ ಸಲ ಅವಳಿಗಾಗಿ ಅತ್ತೆ. ಅಳು ಮುಗಿದ ಮೇಲೆ ಅವರು, ಅನ್ನಕ್ಕಿಡಬೇಕು, ನೀರು ಸೇದ್ಕೊಂಡ್ ಬಾ ಎಂದು ಕೊಡ ನನ್ನ ಕೈಗೆ ಕೊಟ್ಟರು.